ಹೇಳಿಬಿಟ್ಟ ಒಂದು ಹೆಸರು

ಜುಲೈ 18, ಮಂಗಳವಾರ

ಆಗಸ್ಟ್ ಮೂರರಂದು ಡರ್ಬನ್ ಬಂದರಿಗೆ ಬರುವ ಹಡಗಿನ ಸರಕು ಪಟ್ಟಿ ಇವತ್ತು ನನ್ನ ಮೇಜಿಗೆ ಬಂತು. ಇಪ್ಪತ್ತೊಂಬತ್ತು ವರ್ಷದಿಂದ ಇಂಥ ಪಟ್ಟಿ ನೋಡುತ್ತಿದ್ದೇನೆ. ಯಾವುದು ಯಾವ ಲಾರಿಗೆ, ಯಾವುದು ಯಾವ ಶೆಡ್ಡಿಗೆ ಎಂದು ಗುರುತು ಹಾಕುವುದು ನನ್ನ ಕೆಲಸ. ಟ್ರ್ಯಾಕ್ಟರ್ ಬಿಡಿಭಾಗ, ಟೈರು, ಗೊಬ್ಬರ. ನಾಲ್ಕನೇ ಹಾಳೆಯಲ್ಲಿ ಪೊಲೀಸರಿಗೆಂದು ನೀರು ಎರಚುವ ಗಾಡಿ ಆರು, ಅಶ್ರುವಾಯು ಮತ್ತು ರಬ್ಬರ್ ಗುಂಡಿನ ಕಂಟೇನರ್ ಎಂಟು. ಎಲ್ಲವೂ ಗಡಿಯಾಚೆಯ ದೇಶಕ್ಕೆ. ಅವರಿಗೆ ಸಮುದ್ರವಿಲ್ಲ, ಏನು ತರಿಸಿದರೂ ನಮ್ಮ ಬಂದರಿನ ಮೂಲಕವೇ ಆಗಬೇಕು.

ಕಳಿಸಿರುವುದು ನಮ್ಮ ಕೂಟದ, ಅಮೆರಿಕಕ್ಕೆ ತಲೆಬಾಗದ ದೇಶಗಳ ಕೂಟದ, ಒಂದು ದೇಶ. ತರಿಸಿಕೊಳ್ಳುತ್ತಿರುವುದು ನಮ್ಮ ಕೂಟ ಸೇರಲು ಕಾದಿರುವ ದೇಶ. ಪೊಲೀಸರಿಲ್ಲದ ಸರ್ಕಾರ ಎಲ್ಲಿದೆ? ಅಮೆರಿಕ ಕತ್ತಿನ ಮೇಲೆ ಕೂತಿರುವಾಗ ನಾವು ನಮ್ಮ ರಕ್ಷಣೆ ನೋಡಿಕೊಳ್ಳಬಾರದೇ? ಗುರುತು ಹಾಕಿ ಹಾಳೆ ತಿರುಗಿಸಿದೆ.

ಮುಂದಿನ ವಾರ ಬಂದರು ಕಾರ್ಮಿಕರ ಸಂಘದ ಶನಿವಾರದ ತರಗತಿಯಲ್ಲಿ ನನ್ನ ಪಾಠ. ಒಬ್ಬನೇ ಯಜಮಾನನ ಜಗತ್ತು ಮುಗಿಯುತ್ತಿದೆ ಎಂಬುದು ವಿಷಯ. ಈಗಿನವರಿಗೆ ಒಂದನ್ನು ಅರ್ಥ ಮಾಡಿಸಬೇಕು: ವರ್ಣಭೇದದ ಕಾಲದಲ್ಲಿ ನಮ್ಮನ್ನು ಭಯೋತ್ಪಾದಕರ ಪಟ್ಟಿಗೆ ಸೇರಿಸಿದವರು ಯಾರು, ನಮಗೆ ಬೂಟು, ಬಂದೂಕು, ಪುಸ್ತಕ ಕೊಟ್ಟವರು ಯಾರು. ನನ್ನ ಗಂಡ ಧನಪಾಲ್ ಹಿಮದ ನಾಡಿನಲ್ಲಿ ಎರಡು ವರ್ಷ ಓದಿ ಬಂದದ್ದು ವಾಷಿಂಗ್ಟನ್ನಿನವರ ಕೃಪೆಯಿಂದಲ್ಲ.

ಮೊಣಕಾಲು ನೋವು. ಚಳಿಗೆ ಇರಬೇಕು.

ಜುಲೈ 20, ಗುರುವಾರ

ಆಲ್ಫಿಯಸ್ ಗುಮೆಡೆ ಫೋನ್ ಮಾಡಿದ. ನಮ್ಮ ಎಡಪಕ್ಷದ ಪ್ರಾಂತ್ಯ ಕಾರ್ಯದರ್ಶಿಯಾದ ಮೇಲೆ ಅವನು ಫೋನ್ ಮಾಡಿದರೆ ಏನೋ ಕೆಲಸ ಹಚ್ಚುವುದಕ್ಕೇ.

"ಸರಸ್, ನಿನ್ನ ಮನೇಲಿ ಒಂದು ಕೋಣೆ ಖಾಲಿ ಇದೆಯಲ್ಲ?"

"ಪುಸ್ತಕ ಇದಾವೆ."

"ಪುಸ್ತಕ ಸ್ವಲ್ಪ ಸರಿಸು ತಂಗಿ. ಸಮಾವೇಶಕ್ಕೆ ಗಡಿಯಾಚೆಯಿಂದ ಒಬ್ಬಳು ನರ್ಸ್ ಬರ್ತಿದ್ದಾಳೆ. ನರ್ಸುಗಳ ಸಂಘದವಳು. ಹೋಟೆಲಲ್ಲಿ ಇಟ್ರೆ ಒಂಟಿ ಆಗ್ತಾಳೆ."

ಆಗಸ್ಟ್ ಮೊದಲ ವಾರ ಕೂಟದ ದೇಶಗಳ ಮಂತ್ರಿಗಳು ಇಲ್ಲಿ ಸೇರುತ್ತಾರೆ. ಅದೇ ಹೊತ್ತಿಗೆ ಸಂಘಗಳದೂ ಎಡಪಕ್ಷಗಳದೂ ಜನತಾ ಸಮಾವೇಶ. ಸ್ವಾಗತ ಭಾಷಣ ನನ್ನದಂತೆ. ಆಗಲಿ ಎಂದೆ. ಗುಮೆಡೆಗೆ ಇಲ್ಲ ಎನ್ನಲು ನನಗೆ ಬರುವುದಿಲ್ಲ. ಅಂಗೋಲದ ಕಾಡಿನಲ್ಲಿ ಮಲೇರಿಯಾ ಹತ್ತಿದ ಧನಪಾಲನನ್ನು ಎರಡು ದಿನ ಬೆನ್ನ ಮೇಲೆ ಹೊತ್ತು ನಡೆದವನು ಅವನು. ಅವನಿಲ್ಲದಿದ್ದರೆ ನನಗೆ ಮದುವೆಯೇ ಇರುತ್ತಿರಲಿಲ್ಲ.

ಜುಲೈ 22, ಶನಿವಾರ

ಬೆಳಿಗ್ಗೆ ಬಸ್ಸಿನಲ್ಲಿ ಮರ್ಸಿ ಫಿರಿ ಬಂದಳು. ನಲವತ್ತರ ಆಸುಪಾಸು, ಮೆಲುಮಾತು, ನಡಿಗೆ ಮಾತ್ರ ವಾರ್ಡಿನಲ್ಲಿ ಕರೆ ಬಂದವಳಂತೆ ಬಿರುಸು. ಎರಡು ದಿನ ಪ್ರಯಾಣ ಮಾಡಿ ಬಂದವಳು ಸ್ನಾನ ಮುಗಿಸಿ, "ಏನು ಕೆಲಸ ಇದೆ ಹೇಳಿ ಮಾ" ಎಂದು ನಿಂತಳು.

ಬಂದರು ತೋರಿಸಲು ಕರೆದುಕೊಂಡು ಹೋದೆ. ಶೆಡ್ಡೊಂದರಲ್ಲಿ ಅವರ ದೇಶಕ್ಕೆ ಹೋಗಬೇಕಾದ ಔಷಧಿಯ ಪೆಟ್ಟಿಗೆಗಳು ನಾಲ್ಕು ತಿಂಗಳಿಂದ ಬಿದ್ದಿವೆ. ಅಮೆರಿಕದ ದಿಗ್ಬಂಧನಕ್ಕೆ ಹೆದರಿ ಯಾವ ಬ್ಯಾಂಕೂ ಆ ಕಾಗದಕ್ಕೆ ಕೈ ಹಾಕುತ್ತಿಲ್ಲ. ನಾನು ಅವಳಿಗೆ ತೋರಿಸಬೇಕೆಂದುಕೊಂಡದ್ದು ಇದನ್ನೇ. ಮರ್ಸಿ ಒಂದೊಂದೇ ಪೆಟ್ಟಿಗೆಯ ಮೇಲಿನ ಚೀಟಿ ಓದುತ್ತ ಹೋದಳು. ಒಂದರ ಮುಂದೆ ನಿಂತುಬಿಟ್ಟಳು.

"ಇದು ಹೆರಿಗೆ ಆದ್ಮೇಲೆ ರಕ್ತ ನಿಲ್ಲಿಸೋದು. ಮಾರ್ಚಿಂದ ಈಚೆಗೆ ನನ್ನ ವಾರ್ಡಲ್ಲಿ ಏಳು ಜನ ಹೋದ್ರು."

"ನೋಡು, ಇದೇ ಅಮೆರಿಕ ಅಂದ್ರೆ" ಎಂದೆ.

"ಹೌದು ಮಾ. ಇದು ಅಮೆರಿಕ."

ಅವಳು ಅಷ್ಟು ಬೇಗ ಒಪ್ಪಿದ್ದು ಸಂತೋಷವಾಯಿತು. ಇವಳು ನಮ್ಮವಳೇ. ಪೆಟ್ಟಿಗೆಯ ಮೇಲೆ ಇಟ್ಟ ಕೈಯನ್ನು ಅವಳು ಬಹಳ ಹೊತ್ತು ತೆಗೆಯಲಿಲ್ಲ.

ಜುಲೈ 23, ಭಾನುವಾರ

ನಾನು ಬೀನ್ಸ್ ಸಾರು ಮಾಡಿದೆ, ಮರ್ಸಿ ಮೆಕ್ಕೆಜೋಳದ ಹಿಟ್ಟು ತಿರುವಿ ಗಟ್ಟಿ ಮುದ್ದೆ ಮಾಡಿದಳು. ತಿರುವಲು ಅಂಗಿಯ ತೋಳು ಮಡಚಿದಾಗ ಮೇಲ್ತೋಳಿನಲ್ಲಿ ಬಟ್ಟಲಿನಷ್ಟಗಲ ಕಪ್ಪು ಗುಳಿ ಕಂಡಿತು. ಕಳೆದ ವರ್ಷದ ಮೆರವಣಿಗೆಯಲ್ಲಿ ರಬ್ಬರ್ ಗುಂಡು ಬಿದ್ದದ್ದಂತೆ.

"ಆ ಮೆರವಣಿಗೆಗೆ ಅಮೆರಿಕದವರು ದುಡ್ಡು ಕೊಟ್ಟಿದ್ರು ಅಂತ ಪತ್ರಿಕೇಲಿ ಓದಿದ್ದೆ" ಎಂದೆ. ಕೇಳಬೇಕಾದ್ದನ್ನು ಕೇಳಲೇಬೇಕು.

ಅವಳು ನಕ್ಕಳು. "ದುಡ್ಡಿದ್ದಿದ್ರೆ ಕೈಗವಸು ಕೊಳ್ತಿದ್ವಿ ಮಾ. ಮೆರವಣಿಗೆ ಮಾಡಿದ್ದೇ ಕೈಗವಸಿಗೆ."

ಆಮೇಲೆ ಪಾತ್ರೆ ಒರೆಸುತ್ತ ಹೇಳಿದಳು. "ದಿಗ್ಬಂಧನ ನನ್ನ ಔಷಧಿ ಕಿತ್ಕೊಳ್ತು. ನಮ್ಮ ಸರ್ಕಾರ ನನ್ನ ನರ್ಸುಗಳನ್ನ ಕಿತ್ಕೊಳ್ತು. ಎರಡನ್ನೂ ಒಟ್ಟಿಗೆ ಹೇಳಿದ್ರೆ ಒಬ್ಬೊಬ್ಬರು ಅವರಿಗೆ ಬೇಕಾದ ಅರ್ಧ ಮಾತ್ರ ಕೇಳಿಸ್ಕೊಂಡು ಎದ್ದು ಹೋಗ್ತಾರೆ."

ಆಗಸ್ಟ್ ಒಂಬತ್ತರಿಂದ ಅವರ ಆಸ್ಪತ್ರೆಗಳಲ್ಲಿ ಮತ್ತೆ ಮುಷ್ಕರವಂತೆ. ಮರ್ಸಿ ಇಲ್ಲಿರುವಾಗ ಎಲ್ಲವನ್ನೂ ನೋಡಿಕೊಳ್ಳುತ್ತಿರುವುದು ಆಗ್ನೆಸ್ ಎಂಬ ಇಪ್ಪತ್ತೆಂಟರ ಹುಡುಗಿ. ಅವಳ ತಂದೆ ಅಂಗೋಲದಲ್ಲಿ ಗುಮೆಡೆಯವರ ಶಿಬಿರದಲ್ಲೇ ಇದ್ದು ಹೋರಾಡಿದವನು. ಅವಳ ಜೊತೆ ಕೆಲಸ ಮಾಡುವ ಇನ್ನಿಬ್ಬರ ಹೆಸರನ್ನೂ ಮರ್ಸಿ ಹೇಳಿದಳು.

"ಇದು ನಿಮ್ಮಲ್ಲೇ ಇರ್ಲಿ ಮಾ."

ಏಳು ವರ್ಷ ಭೂಗತ ಕೆಲಸ ಮಾಡಿದ ನನಗೆ ಗುಟ್ಟು ಇಟ್ಟುಕೊಳ್ಳುವುದನ್ನು ಹೇಳಿಕೊಡಬೇಕೇ. ಹಡಗಿನ ವಿಷಯ ನಾನು ಅವಳಿಗೆ ಹೇಳಲಿಲ್ಲ. ಹೇಳಿ ಏನಾಗಬೇಕಿದೆ.

ಜುಲೈ 25, ಮಂಗಳವಾರ

ಲುಂಗೀಲೆ ಶೆಜಿ ಊಟದ ಬಿಡುವಿನಲ್ಲಿ ನೇರವಾಗಿ ನನ್ನ ಮೇಜಿಗೆ ಬಂದಳು. ಕಂಟೇನರನ್ನು ಹೊಟ್ಟೆಯೊಳಗೆ ಎತ್ತಿಕೊಂಡು ಓಡುವ ಮೂರು ಮಹಡಿ ಎತ್ತರದ ಗಾಡಿಯ ಚಾಲಕಿ, ಆ ವಿಭಾಗದಿಂದ ಸಂಘಕ್ಕೆ ಆರಿಸಿ ಬಂದವಳು, ನನ್ನ ತರಗತಿಯಲ್ಲೇ ಕಲಿತವಳು. ಫೋನಿನಲ್ಲಿ ನಾಲ್ಕನೇ ಹಾಳೆಯ ಚಿತ್ರ ಹಿಡಿದಳು.

"ಆಂಟಿ, ಈ ಗುರುತು ನಿಮ್ಮ ಕೈದು ಅಲ್ವಾ?"

"ಹೌದು. ಏನೀಗ?"

"ವಾರದಿಂದ ಗೊತ್ತು ನಿಮಗೆ. ಒಂದು ಮಾತು ಹೇಳ್ಲಿಲ್ಲ."

ಹೇಳುವಂಥದ್ದೇನಿದೆ ಎಂದೆ. ಅಮೆರಿಕ ಯಾವ ಯಾವ ದೇಶದಲ್ಲಿ ಮೊದಲು ದಂಗೆ ಎಬ್ಬಿಸಿ ಆಮೇಲೆ ಸರ್ಕಾರ ಉರುಳಿಸಿತು ಎಂದು ಒಂದೊಂದಾಗಿ ಹೇಳಿದೆ. ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು.

"ಎಂಬತ್ತೈದರಲ್ಲಿ ಉಮ್ಲಾಜಿಯಲ್ಲಿ ನಮ್ಮಮ್ಮನ ಮೇಲೆ ಇಂಥದೇ ಗಾಡಿ ನೀರು ಬಿಟ್ಟಿದ್ದು. ಗಾಡಿ ಯಾವ ದೇಶದ್ದು ಅಂತ ಅಮ್ಮ ತಿರುಗಿ ನೋಡ್ಲಿಲ್ಲ ಆಂಟಿ, ಓಡಿದ್ಳು."

"ಅದು ಅವರ ಕೂಟದ ಗಾಡಿ, ಲುಂಗೀಲೆ. ಇದು ಬೇರೆ."

"ಇದು ನಮ್ಮ ಕೂಟದ್ದು. ನಮ್ಮ ನೀರು ಬೆಚ್ಚಗಿರುತ್ತಾ?"

ಅಕ್ಕಪಕ್ಕದ ಮೇಜಿನವರು ನಕ್ಕರು. ಮೂರನೇ ತಾರೀಖು ಸಂಘದ ಸಭೆ ಕರೆಸುತ್ತಾಳಂತೆ, ಈ ಸರಕು ಇಳಿಸಬಾರದೆಂದು ಮತಕ್ಕೆ ಹಾಕುತ್ತಾಳಂತೆ. ಜಾಣೆ, ಆದರೆ ಓದಿದ್ದು ಸಾಲದು. ಅವಳಿಗೆ ಮರ್ಸಿಯನ್ನು ಭೇಟಿ ಮಾಡಿಸಬಾರದು ಎಂದುಕೊಂಡೆ. ಮನೆಗೆ ಬಂದು ನೋಡಿದರೆ ಇಬ್ಬರೂ ನನ್ನ ಅಡುಗೆಮನೆಯಲ್ಲಿ ಕೂತು ಟೀ ಕುಡಿಯುತ್ತಿದ್ದರು.

ಮರ್ಸಿ ಲೋಟ ಕೆಳಗಿಟ್ಟು, "ಆರು ಗಾಡಿ" ಎಂದಳು, ಅಷ್ಟೆ.

ಜುಲೈ 26, ಬುಧವಾರ

ಗುಮೆಡೆಯ ಕಚೇರಿಗೆ ಹೋಗಿದ್ದೆ. ಅವನೇ ಟೀ ಮಾಡಿದ. ಕಾಲು ಎಳೆದು ನಡೆಯುತ್ತಾನೆ ಈಗ.

"ಮಂತ್ರಿಗಳೆಲ್ಲ ಇಲ್ಲೇ ಕೂತಿರೋವಾಗ ಹಡಗು ವಾಪಸ್ ಹೋದ್ರೆ ಯಾರ ಟೀವೀಲಿ ಹಬ್ಬ ಮಾಡ್ತಾರೆ ಗೊತ್ತಲ್ಲ? ಬಂದರಿನವರು ನಿನ್ನ ಮಾತು ಕೇಳ್ತಾರೆ ಸರಸ್. ನನ್ನ ಮಾತು ಅಲ್ಲ. ನಾನು ಈಗ ಕೋಟು ಹಾಕೋನು."

ಸರಕು ಇಳಿಸಲೇಬೇಕೆಂದು ಕರಪತ್ರ ಬರೆಯುತ್ತೇನೆಂದೆ. ಅವನು ಹೇಳುವುದರಲ್ಲಿ ತಪ್ಪೇನಿಲ್ಲ. ಒಂದು ಮಾತು ಮಾತ್ರ ನನಗೆ ಹಿಡಿಸಲಿಲ್ಲ. ಆ ನರ್ಸುಗಳು ಅಮೆರಿಕದವರಿಗೆ ಮಾರಿಕೊಂಡವರು ಎಂದ. ಮರ್ಸಿಯನ್ನು ನಾಲ್ಕು ದಿನದಿಂದ ನೋಡುತ್ತಿದ್ದೇನೆ, ಅದು ಸುಳ್ಳು. ಹಾಗೆಂದೆ. ಅವನು ತಲೆಯಾಡಿಸಿದ, ನಂಬಲಿಲ್ಲ. ನಂಬಿಸಬೇಕೆನಿಸಿತು. ಒಂಬತ್ತರಿಂದ ಮುಷ್ಕರ ನಡೆಸಲಿರುವ ಹುಡುಗಿ ಯಾರ ಮಗಳು ಗೊತ್ತೇ ಎಂದು ಕೇಳಿ, ಆಗ್ನೆಸ್‌ಳ ಹೆಸರನ್ನೂ ಅವಳ ತಂದೆಯ ಹೆಸರನ್ನೂ ಹೇಳಿದೆ. ಗುಮೆಡೆ ಟೀ ಲೋಟ ಕೆಳಗಿಟ್ಟ.

"ಆ ಎತ್ತರದವನ ಮಗಳಾ? ಅವನು ಒಳ್ಳೆ ಅಡುಗೆ ಮಾಡ್ತಿದ್ದ" ಎಂದ.

ಅವನ ಮುಖ ಮೆತ್ತಗಾದದ್ದು ಕಂಡು ಸಮಾಧಾನವಾಯಿತು. ಒಳ್ಳೆಯದೇ ಆಯಿತು. ನಮ್ಮ ನಮ್ಮಲ್ಲಿ ತಪ್ಪು ತಿಳಿವಳಿಕೆ ಇರಬಾರದು.

ಜುಲೈ 29, ಶನಿವಾರ

ತರಗತಿ ಕೆಟ್ಟಿತು.

ಲುಂಗೀಲೆ ಪಾಠಕ್ಕೆ ಮುಂಚೆಯೇ ನನ್ನ ಹತ್ತಿರ ಬಂದು ಹೇಳಿದ್ದಳು. ಅಮೆರಿಕದ ಯಾವುದೋ ಪ್ರಜಾಪ್ರಭುತ್ವ ನಿಧಿಯವನು ಅವಳಿಗೆ ಫೋನ್ ಮಾಡಿ ಸಭೆಗೆ ಶಾಮಿಯಾನ, ಟೀ ಶರ್ಟು ಎಲ್ಲ ಕೊಡಿಸುತ್ತೇನೆ ಎಂದನಂತೆ. ಪಾಠದ ಮಧ್ಯೆ ನಾನು ಅದನ್ನು ಎತ್ತಿದೆ. ನಿಮ್ಮ ಮುಂದಾಳುಗಳಿಗೆ ಎಲ್ಲಿಂದ ಫೋನ್ ಬರುತ್ತಿದೆ ಕೇಳಿ ನೋಡಿ ಎಂದೆ. ಮೂವತ್ತು ಜನ ತಿರುಗಿ ಅವಳನ್ನು ನೋಡಿದರು.

ಅವಳು ಎದ್ದು ನಿಂತಳು. "ಬಂತು. ಬೈದು ಇಟ್ಟೆ. ಅದನ್ನ ಇವರಿಗೆ ಹೇಳಿದ್ದೂ ನಾನೇ." ನನ್ನ ಕಡೆ ತಿರುಗಿ, "ನಿಮಗೆ ಹೇಳಿದ್ದು ನನ್ನ ತಪ್ಪು ಆಂಟಿ" ಎಂದು ಚೀಲ ಎತ್ತಿಕೊಂಡು ಹೋದಳು. ಹಿಂದೆ ಇನ್ನೂ ಹಲವರು ಎದ್ದರು. ಕೊನೆಗೆ ಟೀಗೆ ಉಳಿದದ್ದು ಒಂಬತ್ತು ಜನ.

ಹೇಳಬೇಕಾದ್ದನ್ನೇ ಹೇಳಿದೆ. ಹೇಳುವ ರೀತಿ ಬೇರೆ ಇರಬಹುದಿತ್ತು.

ಜುಲೈ 31, ಸೋಮವಾರ

ಬೆಳಿಗ್ಗೆ ಆರೂವರೆಗೆ ಮರ್ಸಿಯ ಫೋನ್ ಬಡಿದುಕೊಂಡಿತು. ಅವಳ ಭಾಷೆ ನನಗೆ ಬರುವುದಿಲ್ಲ, ಆದರೆ ಆಗ್ನೆಸ್ ಎಂಬ ಹೆಸರು ಮೂರು ಸಲ ಕೇಳಿಸಿತು.

ನಿನ್ನೆ ಅವಳು ಇಗರ್ಜಿಯಿಂದ ಬಂದು ಊಟಕ್ಕೆ ಕೂತಿದ್ದಾಗ ಪೊಲೀಸರು ಹಿಡಿದುಕೊಂಡು ಹೋದರಂತೆ. ಆಮೇಲೆ ಅವಳ ಫೋನು ನೋಡಿ ಇನ್ನೂ ಐದು ನರ್ಸುಗಳನ್ನು ಹಿಡಿದರಂತೆ.

"ಮೊದ್ಲು ಅವಳ ಮನೆಗೇ ಹೋದ್ರು ಮಾ. ಅವಳು ಇದರಲ್ಲಿ ಇದ್ದಾಳೆ ಅಂತ ಯಾರಿಗೂ ಗೊತ್ತಿರ್ಲಿಲ್ಲ. ಪತ್ರಿಕೇಲಿ ಬಂದಿದ್ದೆಲ್ಲ ನನ್ನ ಹೆಸರೇ. ಅದಕ್ಕೇ ಅವಳಿಗೆ ವಹಿಸಿದ್ದು."

ಅವರಿಗೆ ಅವರದೇ ಕಿವಿಗಳಿರುತ್ತವೆ. ಸರ್ಕಾರಗಳಿಗೆ ಇದ್ದೇ ಇರುತ್ತವೆ. ನಾವು ಭೂಗತರಾಗಿದ್ದಾಗಲೂ ಸುದ್ದಿ ಮುಟ್ಟಿಸುವವರು ನಮ್ಮೊಳಗೇ ಇದ್ದರು. ಗುಮೆಡೆಗೂ ಇದಕ್ಕೂ ಏನು ಸಂಬಂಧ.

ಕರಪತ್ರ ಮುಗಿಸಿದೆ. ಒಂದೂವರೆ ಪುಟ. ಚೆನ್ನಾಗಿ ಬಂದಿದೆ.

ಆಗಸ್ಟ್ 1, ಮಂಗಳವಾರ

ಕೆಲಸಕ್ಕೆ ಹೋಗಲಿಲ್ಲ. ಗುಮೆಡೆಯ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ.

"ಆಲ್ಫಿಯಸ್, ಆ ಹುಡುಗಿ ಹೆಸರನ್ನ ಯಾರಿಗಾದ್ರೂ ಹೇಳಿದ್ಯಾ?"

ಬೀಗಕ್ಕೆ ಕೀಲಿ ಹಾಕುತ್ತಿದ್ದವನು ನಿಂತ. ಅವನು ಸುಳ್ಳು ಹೇಳುವವನಲ್ಲ, ಅದೇ ಅವನ ಕಷ್ಟ.

"ಅವರ ಪಕ್ಷದ ಕಾಮ್ರೇಡ್‌ಗೆ ಹೇಳಿದೆ. ಅಲ್ಲಿ ಆಳ್ತಿರೋ ಪಕ್ಷದವನು, ಸಮಾವೇಶಕ್ಕೆ ಬಂದಿದ್ದಾನೆ. ನಲವತ್ತು ವರ್ಷದ ಸ್ನೇಹ ಸರಸ್. ಇವಳು ನಮ್ಮವನ ಮಗಳು, ಮುಷ್ಕರಕ್ಕೆ ಮುಂಚೆ ಕರೆಸಿ ಮಾತಾಡಿ ಅಂದೆ. ಒಳ್ಳೇದಾಗ್ಲಿ ಅಂತ ಹೇಳಿದೆ."

"ಕರೆಸಿ ಮಾತಾಡಿದ್ರು."

"ಅದರಿಂದಲೇ ಆಯ್ತು ಅಂತ ಯಾಕೆ ಅಂದ್ಕೋತೀಯ?"

"ನೀನು ಅಂದ್ಕೊಳ್ತಿಲ್ವಾ?"

ಬೀಗ ತೆಗೆದ. ಒಳಗೆ ಬಾ ಎಂದ. ನಾನು ಹೋಗಲಿಲ್ಲ.

ಆಗಸ್ಟ್ 2, ಬುಧವಾರ

ಮರ್ಸಿಗೆ ಹೇಳಿದೆ.

ಅವಳು ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಯಾವ ದಿನ, ಎಲ್ಲಿ, ಯಾರಿಗೆ, ಯಾಕೆ. ಯಾಕೆ ಎನ್ನುವುದನ್ನು ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಬೇರೆ ಯಾರ ಹೆಸರು ಹೇಳಿದ್ರಿ?"

"ಇನ್ಯಾರದ್ದೂ ಇಲ್ಲ. ಅವಳ ತಂದೇದು."

"ಚೆನ್ನಾಗಿ ನೆನಪು ಮಾಡ್ಕೊಳ್ಳಿ. ನಿಮಗೆ ನಾನು ಇನ್ನೂ ಇಬ್ಬರ ಹೆಸರು ಹೇಳಿದ್ದೆ."

"ಹೇಳಿಲ್ಲ ಮರ್ಸಿ. ನನ್ನ ಗಂಡನಾಣೆ ಹೇಳಿಲ್ಲ." ದೇವರನ್ನು ನಂಬದವಳು ಇನ್ಯಾರ ಆಣೆ ಹಾಕಲಿ.

"ಹಾಗಾದ್ರೆ ಅವರಿಬ್ಬರು ಉಳ್ಕೊಂಡಿದ್ದಾರೆ" ಎಂದು ಫೋನ್ ಎತ್ತಿಕೊಂಡು ಹೊರಗೆ ಹೋದಳು. ಅಂಗಳದಲ್ಲಿ ಅರ್ಧ ಗಂಟೆ ಅಡ್ಡಾಡುತ್ತ ಮಾತಾಡಿದಳು. ಅವಳ ಅರ್ಧ ಮಡಚಿದ ಬಟ್ಟೆಯನ್ನು ಮಡಚೋಣ ಎಂದು ಕೈ ಚಾಚಿದೆ. ಮುಟ್ಟಲಾಗಲಿಲ್ಲ.

ಆಗಸ್ಟ್ 3, ಗುರುವಾರ

ಹಡಗು ಬೆಳಿಗ್ಗೆ ಬಂದು ಬಂದರಿನಾಚೆ ಲಂಗರು ಹಾಕಿತು. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವ ಹೊತ್ತಿನಲ್ಲಿ ಕ್ಯಾಂಟೀನಿನಲ್ಲಿ ಸಭೆ. ಮುನ್ನೂರು ಜನ, ಕೂರಲು ಜಾಗವಿಲ್ಲ.

ಎಲ್ಲವೂ ಲುಂಗೀಲೆಗೆ ವಿರುದ್ಧವಾಗಿತ್ತು. ಅಮೆರಿಕದ ಯಾವನೋ ಸೆನೆಟರು ಡರ್ಬನ್ ಕಾರ್ಮಿಕರ ಧೈರ್ಯವನ್ನು ಹೊಗಳಿದ್ದು ಬೆಳಗಿನ ಪತ್ರಿಕೆಯಲ್ಲಿ ಬಂದಿತ್ತು. ಗುಮೆಡೆ ಅದನ್ನು ಎತ್ತಿ ತೋರಿಸಿದ. "ಧನಪಾಲ್ ಸೆರೆಮನೇಲಿದ್ದಾಗ ಈ ಜನ ಎಲ್ಲಿದ್ರು? ನಮ್ಮ ಮುಷ್ಕರದಲ್ಲಿ ಎಲ್ಲಿದ್ರು? ಇವತ್ತು ಇವರಿಗೆ ನಿಮ್ಮ ಮೇಲೆ ಪ್ರೀತಿ ಬಂದಿದೆ. ಯಾಕೆ ಅಂತ ನಿಮ್ಮನ್ನ ನೀವೇ ಕೇಳ್ಕೊಳ್ಳಿ." ಚೆನ್ನಾಗಿ ಮಾತಾಡಿದ. ಕ್ರೇನಿನವರೆಲ್ಲ ಮೇಜು ಬಡಿದರು. ಲುಂಗೀಲೆ ಎದ್ದಾಗ ಹಿಂದಿನಿಂದ ಯಾರೋ, "ಸೆನೆಟರಮ್ಮ ಮಾತಾಡ್ತಾಳೆ, ದಾರಿ ಬಿಡಿ" ಎಂದರು. ಅವಳಿಗೆ ಎರಡು ವಾಕ್ಯ ಮುಗಿಸಲು ಬಿಡಲಿಲ್ಲ. ಆ ಮಾತಿನ ಬೀಜ ನಾನೇ ಶನಿವಾರ ಹಾಕಿದ್ದು.

ಆಮೇಲೆ ನನ್ನ ಹೆಸರು ಕರೆದರು. ಕರಪತ್ರ ಕೈಯಲ್ಲಿತ್ತು. ಓದಲಿಲ್ಲ.

"ಲುಂಗೀಲೆಗೆ ಫೋನ್ ಬಂದಿದ್ದು ನಿಜ. ಅವಳು ಬೈದು ಇಟ್ಟಿದ್ದೂ ನಿಜ. ನಾನು ಎರಡನೇದನ್ನ ನುಂಗ್ಕೊಂಡು ಮೊದಲನೇದನ್ನ ಮಾತ್ರ ನಿಮಗೆ ಹೇಳಿದೆ" ಎಂದೆ. "ಆ ಸೆನೆಟರು ಚಪ್ಪಾಳೆ ತಟ್ತಾನೆ ಅಂತ ನಾವು ಈ ಗಾಡಿ ಇಳಿಸ್ಬೇಕಾ? ನಾಳೆ ಅವನು ಊಟ ಮಾಡೋದು ಒಳ್ಳೇದು ಅಂದ್ರೆ ಉಪವಾಸ ಕೂರ್ತೀರಾ?"

ಸ್ವಲ್ಪ ನಗು ಬಂತು. ನಗು ನಿಲ್ಲಲಿ ಎಂದು ಕಾದೆ.

"ಗಡಿಯಾಚೆ ಆರು ಜನ ನರ್ಸುಗಳು ಜೈಲಲ್ಲಿದ್ದಾರೆ. ಅದರಲ್ಲಿ ಒಬ್ಬಳ ಹೆಸರು ಹೇಳಿದ್ದು ನಾನು. ಶತ್ರುವಿಗೆ ಹೇಳ್ಲಿಲ್ಲ. ನಮ್ಮವರಿಗೆ ಹೇಳಿದೆ. ನಮ್ಮವರು ಗಡಿಯಾಚೆಯ ತಮ್ಮವರಿಗೆ ಹೇಳಿದ್ರು. ಹಾಗೇ ಕೈಯಿಂದ ಕೈಗೆ ಹೋಗಿ ಅದು ಪೊಲೀಸ್ ಸ್ಟೇಷನ್ ಮುಟ್ತು. ನಡುವೆ ಒಬ್ಬ ಅಮೆರಿಕನ್ನೂ ಇರ್ಲಿಲ್ಲ. ಒಂಬತ್ತನೇ ತಾರೀಖು ಅವಳ ಜೊತೆಯವರು ಬೀದಿಗೆ ಬರ್ತಾರೆ. ಈ ಗಾಡಿ ಅವರಿಗೆ ಅಂತ ಹೋಗ್ತಿದೆ. ಮೊನ್ನೆ ನಾಲ್ಕನೇ ಹಾಳೆ ಮೇಲೆ ಗುರುತು ಹಾಕಿದ್ದೂ ನಾನೇ. ನಿಮಗೆ ಇಳಿಸ್ಬೇಡಿ ಅಂತ ಹೇಳೋ ಯೋಗ್ಯತೆ ನನಗಿಲ್ಲ. ಆದ್ರೂ ಹೇಳ್ತಿದ್ದೀನಿ."

ಗುಮೆಡೆಯ ಕಡೆ ನೋಡಲಿಲ್ಲ. ಅವನ ಹೆಸರನ್ನೂ ಎತ್ತಲಿಲ್ಲ. ಹೆಸರು ಹೇಳುವುದು ಸಾಕಾಗಿದೆ.

ಕೈ ಎತ್ತಿ ಎಣಿಸಿದರು. ಆ ಆರು ಗಾಡಿ, ಎಂಟು ಕಂಟೇನರ್ ಇಳಿಸುವುದಿಲ್ಲ ಎಂದವರು ಇನ್ನೂರ ಹನ್ನೊಂದು. ಇಳಿಸೋಣ ಎಂದವರು ಎಂಬತ್ತೇಳು. ಟೈರು, ಗೊಬ್ಬರ, ಟ್ರ್ಯಾಕ್ಟರ್ ಇಳಿಸುವುದು. ಸೆನೆಟರನ ಕಡೆಯ ಯಾವ ಕ್ಯಾಮೆರಾಕ್ಕೂ ಯಾರೂ ಮಾತಾಡಕೂಡದು. ದಿಗ್ಬಂಧನವನ್ನು ಖಂಡಿಸಿ ಒಂದು ಸಾಲು, ಅದನ್ನು ಬರೆಸಿದವಳು ಲುಂಗೀಲೆ.

ಜನತಾ ಸಮಾವೇಶದಲ್ಲಿ ನನ್ನ ಸ್ವಾಗತ ಭಾಷಣ ರದ್ದಾಯಿತಂತೆ. ಬೇರೆ ಯಾರೋ ಮಾಡಿದರಂತೆ. ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ. ಅಮೆರಿಕದ ವಿಷಯದಲ್ಲಿ ಹಿಂದೆ ಬರೆದ ಒಂದೊಂದು ಅಕ್ಷರಕ್ಕೂ ಈಗಲೂ ನಿಲ್ಲುತ್ತೇನೆ.

ಆಗಸ್ಟ್ 5, ಶನಿವಾರ

ಮರ್ಸಿ ಹೊರಟಳು. ಸಮಾವೇಶದಲ್ಲಿ ಅವಳಿಗೆ ಕೊಟ್ಟಿದ್ದ ಹತ್ತು ನಿಮಿಷವನ್ನೂ ತೆಗೆದುಹಾಕಿದ್ದರು. ಇಲ್ಲೇ ಇದ್ದುಬಿಡು, ಕಾಗದಪತ್ರ ಮಾಡಿಸೋಣ ಎಂದು ಲುಂಗೀಲೆ ಬೇಡಿಕೊಂಡಳು. ನನಗೆ ಬೇಡಿಕೊಳ್ಳುವ ಬಾಯಿ ಎಲ್ಲಿದೆ.

"ಆಗ್ನೆಸ್ ಒಳಗಿದ್ದಾಳೆ. ನಾನು ಇಲ್ಲಿ ಕೂತು ರೊಟ್ಟಿ ತಿನ್ಲಾ?" ಎಂದಳು.

ಬಸ್ಸು ತಡವಾಯಿತು. ಒಂದು ತಾಸು ಮೂವರೂ ಬೆಂಚಿನ ಮೇಲೆ ಕೂತಿದ್ದೆವು. ಬುಧವಾರದಿಂದ ಅವಳು ನನ್ನೊಡನೆ ಉಪ್ಪು ಕೊಡಿ, ನೀರು ಬಂತು ಎನ್ನುವುದಕ್ಕಿಂತ ಹೆಚ್ಚು ಮಾತಾಡಿರಲಿಲ್ಲ. ಬಸ್ಸು ಬಂದಾಗ ಚೀಲ ಎತ್ತಿಕೊಂಡು ನನ್ನ ಮುಂದೆ ನಿಂತಳು.

"ನಿಮ್ಮ ಮೇಲೆ ಸಿಟ್ಟಿದೆ ಮಾ. ಗಡಿ ದಾಟೋವರೆಗೂ ಇರುತ್ತೆ. ಆಮೇಲೆ ಅದಕ್ಕೆ ಪುರುಸೊತ್ತಾಗಲ್ಲ."

ಕೈ ಹಿಡಿಯಲಿಲ್ಲ. ಹತ್ತಿ ಕೂತು, ಕಿಟಕಿಯಿಂದ ಲುಂಗೀಲೆಗೆ ಕೈ ಬೀಸಿದಳು. ನನಗೂ ಇರಬಹುದು, ನಾವು ಪಕ್ಕಪಕ್ಕದಲ್ಲೇ ನಿಂತಿದ್ದೆವು.

ಆಗಸ್ಟ್ 10, ಗುರುವಾರ

ಹಡಗು ಮಂಗಳವಾರ ಲಂಗರು ಎತ್ತಿತು. ಉತ್ತರಕ್ಕೆ ಬೇರೆ ಬಂದರಿಗೆ ಹೋಗಿದೆ, ಅಲ್ಲಿ ಇಳಿಸುತ್ತಾರಂತೆ. ಅಲ್ಲಿಂದ ರಸ್ತೆಯಲ್ಲಿ ಹತ್ತು ಹನ್ನೆರಡು ದಿನ.

ನಿನ್ನೆ ಗಡಿಯಾಚೆ ಮುಷ್ಕರ ಶುರುವಾಯಿತು. ನಾವು ಬೀದಿಗಿಳಿದೆವು. ಬರೆದ ಮೇಲೆ ನೋಡಿದೆ, ನಾವು ಎಂದು ಬರೆದಿದ್ದೇನೆ. ಇರಲಿ, ಹೊಡೆದುಹಾಕಿದರೆ ಪುಟ ಗಲೀಜಾಗುತ್ತದೆ. ಪೊಲೀಸರ ಹತ್ತಿರ ಹಳೆಯ ಗಾಡಿ ಎರಡೇ ಇದ್ದವಂತೆ, ಒಂದು ಕೆಟ್ಟು ನಿಂತಿತಂತೆ. ಬೇರೆ ನಂಬರಿನಿಂದ ಲುಂಗೀಲೆಗೆ ಮರ್ಸಿಯದು 'ತಲುಪಿದೆ' ಎಂದು ಒಂದು ಪದ ಬಂದಿದೆ.

ಆಗಸ್ಟ್ 12, ಶನಿವಾರ

ತರಗತಿ ಇತ್ತು. ನಾನು ಪಾಠ ಮಾಡಲಿಲ್ಲ, ಕೊನೆಯ ಬೆಂಚಿನಲ್ಲಿ ಕೂತೆ. ಲುಂಗೀಲೆ ಮಾಡಿದಳು. ಕೆಲವು ತಾರೀಖುಗಳು ತಪ್ಪಾಗಿದ್ದವು. ಆಮೇಲೆ ಹೇಳಿದರಾಯಿತು.

ಆಗಸ್ಟ್ 15, ಮಂಗಳವಾರ

ಪಕ್ಷದಿಂದ ಪತ್ರ ಬಂದಿತ್ತು. ಶಿಸ್ತು ಮುರಿದದ್ದಕ್ಕೆ ಹದಿನಾಲ್ಕು ದಿನದೊಳಗೆ ವಿವರಣೆ ಕೊಡಬೇಕು. ಕೆಳಗೆ ಗುಮೆಡೆಯ ಸಹಿ. ಭಾನುವಾರ ಆ ಸಹಿಯ ಹಿಂದೆಯೇ ಅವನೂ ಮನೆಗೆ ಬಂದಿದ್ದ. ಟೀ ಕೊಟ್ಟೆ.

"ಏನು ಸಿಕ್ತು ಸರಸ್? ಗಾಡಿಗಳು ಹೇಗೂ ಹೋಗ್ತಿವೆ."

"ಒಂಬತ್ತನೇ ತಾರೀಖಿಗೆ ಇರ್ಲಿಲ್ಲ."

ಅವನು ಟೀ ಕುಡಿದು ಮುಗಿಸಿದ. ಆಮೇಲೆ, ಅವರ ಪಕ್ಷದ ಕಾಮ್ರೇಡ್‌ಗೆ ಆರು ಸಲ ಫೋನ್ ಮಾಡಿದೆ, ಎತ್ತುತ್ತಿಲ್ಲ ಎಂದ. ಮೊದಲೆಲ್ಲ ಎರಡನೇ ರಿಂಗಿಗೇ ಎತ್ತುತ್ತಿದ್ದನಂತೆ. ಹಿಡಿದ ನರ್ಸುಗಳಲ್ಲಿ ಐದು ಜನರನ್ನು ಬಿಟ್ಟಿದ್ದಾರೆ. ಆಗ್ನೆಸ್ ಎಲ್ಲಿದ್ದಾಳೆಂದು ಯಾರೂ ಹೇಳುತ್ತಿಲ್ಲ.

ಇವತ್ತು ಬೆಳಿಗ್ಗೆ ಹತ್ತಕ್ಕೆ ನಾನು ಗಡಿಯಾಚೆಯ ದೇಶದ ರಾಯಭಾರ ಕಚೇರಿಯ ಮುಂದಿನ ಕಾಲುದಾರಿಗೆ ಹೋದೆ. ರಟ್ಟಿನ ಮೇಲೆ ಅವಳ ಹೆಸರು ದೊಡ್ಡದಾಗಿ ಬರೆದು, ಕೆಳಗೆ 'ಎಲ್ಲಿದ್ದಾಳೆ' ಎಂದು ಬರೆದಿದ್ದೆ. ಅರ್ಧ ಗಂಟೆ ಒಬ್ಬಳೇ ನಿಂತಿದ್ದೆ. ಕಾವಲಿನವನು ಎರಡು ಸಲ ಬಂದು ನೋಡಿ ಹೋದ. ಆಮೇಲೆ ಟ್ಯಾಕ್ಸಿಯಿಂದ ಗುಮೆಡೆ ಇಳಿದ. ಪಕ್ಷದ ಪದಕಗಳಿರುವ ಕೋಟು ಹಾಕಿಕೊಂಡಿದ್ದ. ಒಳಗೆ ಹೋಗುತ್ತಾನೆ ಎಂದುಕೊಂಡೆ. ನನ್ನ ಪಕ್ಕಕ್ಕೆ ಬಂದು ರಟ್ಟಿನ ಇನ್ನೊಂದು ತುದಿ ಹಿಡಿದುಕೊಂಡ.

"ಅವರಪ್ಪನ ಹೆಸರು ಹಾಕಿಲ್ಲ ನೀನು" ಎಂದ.

"ಅವಳ ಹೆಸರು ಸಾಕು."

"ಅಮೆರಿಕದವರು ನಮ್ಮ ಫೋಟೋ ತೆಗೆದು ಹಾಕ್ಕೊಳ್ತಾರೆ, ನೋಡ್ತಿರು."

"ಹಾಕ್ಕೊಳ್ಳಿ. ನಾಳೆ ಅವರ ಕಚೇರಿ ಮುಂದೆ ಔಷಧಿ ಪೆಟ್ಟಿಗೆಗೆ ಅಂತ ನಿಲ್ಲೋಣ. ಅಲ್ಲೂ ತೆಗೀಲಿ."

ಹನ್ನೊಂದರ ಹೊತ್ತಿಗೆ ಒಳಗಿನಿಂದ ಅಧಿಕಾರಿಯೊಬ್ಬ ಹೊರಗೆ ಬಂದ. ಗುಮೆಡೆಯನ್ನು ಗುರುತು ಹಿಡಿದು ಗಾಬರಿಯಾದ. "ಕಾಮ್ರೇಡ್, ನೀವು ಬೀದೀಲಿ ನಿಲ್ಲೋದಾ? ಒಳಗೆ ಬನ್ನಿ, ಕಾಫಿ ಕುಡಿಯೋಣ."

"ಆ ಹುಡುಗಿ ಎಲ್ಲಿದ್ದಾಳೆ ಹೇಳಿ. ಬರ್ತೀನಿ."

"ಅದೆಲ್ಲ ಒಳಗೆ ಮಾತಾಡೋಣ."

"ಒಳಗೆ ಮಾತಾಡಿದ್ದಾಯ್ತು ಒಂದ್ಸಲ" ಎಂದ ಗುಮೆಡೆ. ದನಿ ಏರಿಸಲಿಲ್ಲ.

ಅಧಿಕಾರಿ ಒಳಗೆ ಹೋಗಿ ಯಾರ ಕೈಯಲ್ಲೋ ಒಂದು ಕುರ್ಚಿ ಕಳಿಸಿದ. ಮೆತ್ತೆ ಹಾಕಿದ, ಕೈಗಳಿರುವ ಕುರ್ಚಿ. ಗುಮೆಡೆಯ ಕಾಲು ನಡುಗುತ್ತಿತ್ತು, ಆದರೂ ಕೂರಲಿಲ್ಲ. ನನ್ನ ಮೊಣಕಾಲು ಉರಿಯುತ್ತಿತ್ತು, ನಾನೂ ಕೂರಲಿಲ್ಲ. ಕುರ್ಚಿ ನಮ್ಮಿಬ್ಬರ ಮುಂದೆ ಕಾಲುದಾರಿಯ ನಡುವೆ ಸುಮ್ಮನೆ ನಿಂತಿತ್ತು. ಹೋಗುವವರು ಬರುವವರು ಸುತ್ತು ಹಾಕಿಕೊಂಡು ಹೋಗುತ್ತಿದ್ದರು.

ಮಧ್ಯಾಹ್ನ ಪಾಳಿ ಮುಗಿಸಿ ಲುಂಗೀಲೆ ಬಂದಳು, ಕೆಲಸದ ಬೂಟಿನಲ್ಲೇ. ನಮ್ಮಿಬ್ಬರನ್ನೂ ನೋಡಿದಳು, ಕುರ್ಚಿಯನ್ನೂ ನೋಡಿದಳು.

"ಇದು ಯಾರದ್ದು?"

"ಅವರದ್ದು" ಎಂದೆ. "ಕೂರೋದು ಬೇಡ ಅಂತ."

"ಎಂಟು ಗಂಟೆ ಗಾಡಿ ಓಡಿಸಿ ಬಂದಿದ್ದೀನಿ ಆಂಟಿ. ಕುರ್ಚಿ ಯಾರದ್ದಾದ್ರೇನು" ಎಂದು ಕೂತಳು. ಕೂತು, ನಮ್ಮ ಕೈಯಿಂದ ರಟ್ಟು ತೆಗೆದುಕೊಂಡು, ಹೆಸರು ಆ ಕಚೇರಿಯ ಕಿಟಕಿಗಳಿಗೆ ಕಾಣುವ ಹಾಗೆ ತಿರುಗಿಸಿ ಮಡಿಲಲ್ಲಿ ಎತ್ತಿ ಹಿಡಿದಳು.